ಬೇಯದ ಏಡಿ

ಸರಿಯಾಗಿ ಬೇಯದ ಏಡಿ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಚೆನ್ನಾಗಿ ಬೆಂದಿದ್ದರೆ ಬೆನ್ನಿನ ಚಿಪ್ಪು ತೆಗೆದ ಕೂಡಲೇ ಮಾಂಸ ಜಾರಿ ಅಂಗೈಗೆ ಬೀಳುತ್ತದೆ. ಬೇಯದಿದ್ದರೆ ಬಿಡುವುದಿಲ್ಲ. ಕೆರೆಯಬೇಕು. ಚಾಕುವಿನ ತುದಿ ತೂರಿಸಿ ಮೀಟಬೇಕು. ಮೀಟಿದರೆ ಚಿಪ್ಪು ಚೂರಾಗುತ್ತದೆ. ಒಂದು ಚೂರು ಮಾಂಸದೊಳಗೆ ಹೋಗುತ್ತದೆ, ಇನ್ನೊಂದು ನಮ್ಮ ಬೆರಳಿನೊಳಗೆ. ಬೆರಳಿನೊಳಗೆ ಹೋದದ್ದನ್ನು ಯಾರೂ ಹುಡುಕುವುದಿಲ್ಲ.

ಹಾಜಿ ಕುಸ್ನಾದಿಯ ಏಡಿಮನೆಯಲ್ಲಿ ನಾವು ಹೆಂಗಸರು ಮಾಡುವ ಕೆಲಸ ಇದು. ಚಿರೆಬೊನ್ ಪಟ್ಟಣದ ಆಚೆ, ಸಮುದ್ರದ ಅಂಚಿನ ನಮ್ಮ ಹಳ್ಳಿಯಲ್ಲಿ ಗಂಡಸರು ಬಲೆ ಹಾಕಿ ಏಡಿ ಹಿಡಿಯುತ್ತಾರೆ. ಹಾಜಿಯ ಅಳಿಯನ ಶೆಡ್ಡಿನಲ್ಲಿ ಅದು ಬೇಯುತ್ತದೆ. ಅಲ್ಲಿಂದ ಬುಟ್ಟಿಗಳಲ್ಲಿ ನಮ್ಮ ಮೇಜಿಗೆ ಬರುತ್ತದೆ. ನಾವು ಬಿಡಿಸಿದ ಮಾಂಸ ಡಬ್ಬಿಗೆ, ಡಬ್ಬಿ ಹಡಗಿಗೆ. ಯಾವ ದೇಶದವರು ತಿನ್ನುತ್ತಾರೋ ನಾವು ಕಂಡವರಲ್ಲ. ನಮ್ಮ ಮನೆಯಲ್ಲಿ ಅನ್ನ, ಸೋಯಾಕಾಳಿನ ತೆಂಪೆ, ಒಂದಿಷ್ಟು ಮೆಣಸಿನ ಸಂಬಲ್. ಏಡಿಯ ವಾಸನೆ ಮಾತ್ರ ನಮ್ಮ ಜೊತೆ ಮನೆಗೆ ಬರುತ್ತದೆ. ನಿಂಬೆ ಉಜ್ಜಿದರೂ ಹೋಗುವುದಿಲ್ಲ. ನನ್ನ ಮಗು ನಿದ್ದೆಯಲ್ಲಿ ನನ್ನ ಕೈಯನ್ನು ಮುಖದಿಂದ ಆಚೆ ದೂಡುತ್ತದೆ. ಎಚ್ಚರವಾದರೆ ಅದೇ ಕೈಯನ್ನು ಹುಡುಕಿ ಹಿಡಿದುಕೊಳ್ಳುತ್ತದೆ.

ನನ್ನ ಹೆಸರು ವಾರ್ನಿತಿ. ಮೇಜಿನಲ್ಲಿ ನನ್ನ ಎಡಕ್ಕೆ ಚಾಸ್ಮಿನಿ ಕೂರುತ್ತಾಳೆ, ಬಲಕ್ಕೆ ರೊಕಾಯಾ. ರೊಕಾಯಾ ವಯಸ್ಸಿನಲ್ಲಿ ಹಿರಿಯಳು, ಬಾಯಲ್ಲಿ ಇನ್ನೂ ಹಿರಿಯಳು. ಎಲ್ಲರೂ ಅವಳನ್ನು ಯಾಯು, ಅಕ್ಕ, ಎಂದೇ ಕರೆಯುವುದು.

ನಮ್ಮಲ್ಲಿ ಪ್ರತಿಯೊಬ್ಬಳಿಗೂ ಒಂದು ತಗಡಿನ ಬಿಲ್ಲೆ ಇದೆ. ಅದರ ಮೇಲೆ ಹೆಸರು ಕೊರೆದಿದೆ. ಟ್ರೇ ತುಂಬಿದ ಮೇಲೆ ಮಾಂಸವನ್ನು ಸಮ ಮಾಡಿ, ಬಿಲ್ಲೆ ಇಟ್ಟು, ಕೈ ತೆಗೆಯಬೇಕು. ಆಮೇಲೆ ಟ್ರೇ ಮುಟ್ಟುವಂತಿಲ್ಲ. ಅದು ಕತ್ತಲಕೋಣೆಗೆ ಹೋಗುತ್ತದೆ. ಅಲ್ಲಿ ಒಂದು ನೀಲಿ ದೀಪವಿದೆ. ಅದರಡಿಯಲ್ಲಿ ಮಾಂಸ ಮಂಕಾಗಿ ಕಾಣುತ್ತದೆ, ಚಿಪ್ಪಿನ ಚೂರು ಹಲ್ಲಿನ ಹಾಗೆ ಬೆಳ್ಳಗೆ ಹೊಳೆಯುತ್ತದೆ. ಹೊಳೆದರೆ ಟ್ರೇಯ ಬಿಲ್ಲೆ ಬಾಗಿಲ ಪಕ್ಕದ ಹಲಗೆಗೆ ಹೋಗುತ್ತದೆ, ಇಲ್ಲದಿದ್ದರೆ ನಮ್ಮ ಸೊಂಟಕ್ಕೆ ವಾಪಸು ಬರುತ್ತದೆ. ಹಲಗೆಯಲ್ಲಿ ಸಾಲಾಗಿ ಮೊಳೆಗಳು. ಮೇಲೆ ಕೆಂಪು ಬಣ್ಣದಲ್ಲಿ ಒಂದೇ ಮಾತು: ‘ಯಾರು?’ ಅದನ್ನು ಬರೆಸಿದವನು ಮ್ಯಾನೇಜರ್ ಹೆಂದ್ರೊ. ಬಿಲ್ಲೆ ಮೊಳೆಗೆ ಬೀಳುವಾಗ ಟಿಣ್ ಎನ್ನುತ್ತದೆ. ಅಷ್ಟು ಹೆಂಗಸರ ಗದ್ದಲದ ನಡುವೆಯೂ ಆ ಸದ್ದು ಎಲ್ಲರಿಗೂ ಕೇಳುತ್ತದೆ. ಎಲ್ಲ ಚಾಕುಗಳೂ ಒಂದು ಕ್ಷಣ ನಿಲ್ಲುತ್ತವೆ. ತನ್ನದಲ್ಲ ಎಂದು ಗೊತ್ತಾದ ಮೇಲೆ ಮತ್ತೆ ಓಡುತ್ತವೆ.

ಮೂರನೆಯ ಸಲ ನೇತಾಡಿದವಳು ಮನೆಗೆ ಹೋಗಬೇಕು. ಹಾಗೆ ಹೋದವಳನ್ನು ಈ ಕರಾವಳಿಯ ಬೇರೆ ಯಾವ ಏಡಿಮನೆಯೂ ಸೇರಿಸಿಕೊಳ್ಳುವುದಿಲ್ಲ. ಮಾಲೀಕರು ಒಂದೇ ಮಸೀದಿಯ ಒಂದೇ ಸಾಲಿನಲ್ಲಿ ನಿಲ್ಲುವವರು.

ಬಿಲ್ಲೆ ಇಟ್ಟ ಮೇಲೆ ಟ್ರೇಯಲ್ಲಿ ಚೂರೊಂದು ಇಣುಕಿದರೆ ಏನು ಮಾಡಬೇಕು? ಕೈ ಎತ್ತಿ ಹೇಳಬೇಕು ಎಂಬ ನಿಯಮವೇನೋ ಇತ್ತು. ಕೈ ಎತ್ತಿದವಳ ಬಿಲ್ಲೆಯೂ ಮೊಳೆಗೇ ಹೋಗುತ್ತಿತ್ತು. ನೆಲಕ್ಕೆ ಹಾಕಿದರೆ ಹೆಂದ್ರೊ ನೋಡುತ್ತಾನೆ. ಅದಕ್ಕೆ ನಾವೊಂದು ದಾರಿ ಕಂಡುಕೊಂಡಿದ್ದೆವು. ತಲೆವಸ್ತ್ರ ಸರಿಮಾಡಿಕೊಳ್ಳುವ ಹಾಗೆ ಕೈ ಎತ್ತಿ, ಆ ಚೂರನ್ನು ಬಾಯಿಗೆ ಹಾಕಿಕೊಳ್ಳುವುದು. ಕೆನ್ನೆಯ ಒಳಗೆ, ಒಸಡಿನ ಪಕ್ಕ. ಊಟದ ಗಂಟೆಯವರೆಗೆ ಮಾತಾಡದೆ ಕೂರುವುದು. ನಾಲಿಗೆ ಕೊಯ್ದು ಉಪ್ಪು ರಕ್ತ ಬರುತ್ತಿತ್ತು. ಕೆಲವರು ನುಂಗಿಯೇ ಬಿಡುತ್ತಿದ್ದರು.

“ನಾನ್ ಸತ್ತಾಗ ಹೂಳೋಕೆ ಮುಂಚೆ ಒಂದ್ಸಲ ಜಾಲಿಸಿ ನೋಡ್ರೇ,” ಎನ್ನುತ್ತಿದ್ದಳು ಯಾಯು ರೊಕಾಯಾ. “ಒಂದ್ ಬುಟ್ಟಿ ಚಿಪ್ಪು ಸಿಗ್ತದೆ. ಹಾಜಿಗೇ ವಾಪಸ್ ಕೊಟ್ಬಿಡಿ.”

ನಕ್ಕರೆ ಕೆನ್ನೆ ಚುಚ್ಚುತ್ತಿತ್ತು. ಆದರೂ ನಗುತ್ತಿದ್ದೆವು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಚಾಸ್ಮಿನಿಯ ಬಿಲ್ಲೆ ಎರಡು ಸಲ ಮೊಳೆಗೆ ಬಿದ್ದಿತ್ತು.

ಅವಳು ಒಂದು ಸಲ ದೇಶ ಬಿಟ್ಟು ಹೋಗಿ ಬಂದವಳು. ಗಂಡ ಇನ್ನೊಬ್ಬಳ ಹಿಂದೆ ಹೋದಾಗ, ಹಾಲು ಕುಡಿಯುವ ಮಗಳನ್ನು ತಾಯಿಯ ಮಡಿಲಿಗೆ ಹಾಕಿ, ತೈವಾನಿನಲ್ಲಿ ಯಾರದೋ ಮುದಿ ತಂದೆಯನ್ನು ನೋಡಿಕೊಳ್ಳಲು ಹೋದಳು. ವಾಪಸು ಬಂದಾಗ ಮಗಳು ಸೆಕಾರ್ ಅಜ್ಜಿಯನ್ನೇ ಮಿಮಿ, ಅಮ್ಮ, ಎಂದು ಕರೆಯುತ್ತಿದ್ದಳು. ಚಾಸ್ಮಿನಿಯನ್ನು ‘ಆ ಚಿಕ್ಕಮ್ಮ’ ಎನ್ನುತ್ತಿದ್ದಳು. ರಾತ್ರಿ ಅವಳ ಪಕ್ಕ ಮಲಗಲು ಹೆದರುತ್ತಿದ್ದಳು. ಆ ಮಗು ಅವಳನ್ನು ಮಿಮಿ ಎಂದು ಕರೆಯಲು ಶುರುಮಾಡಿದ್ದು ಈಚೆಗೆ. ಅದನ್ನು ಹೇಳುವಾಗ ಚಾಸ್ಮಿನಿ ಚಾಕು ಕೆಳಗಿಟ್ಟು ಹೇಳಿದ್ದಳು.

ಆದರೆ ಹೊರದೇಶಕ್ಕೆ ಆಳು ಕಳಿಸುವ ಏಜೆಂಟ್ ಅವಳ ಮನೆಯ ದಾರಿ ಮರೆತಿರಲಿಲ್ಲ. ಯಾರ ಬಿಲ್ಲೆ ಎಷ್ಟು ಸಲ ನೇತಾಡಿತು ಎಂಬುದು ಅವನಿಗೆ ನಮಗಿಂತ ಮೊದಲು ತಿಳಿಯುತ್ತಿತ್ತು. ಬೈಕಿನಲ್ಲಿ ಬಂದು, ಅಂಗಳದಲ್ಲಿ ನಿಂತು, ಅವಳ ತಾಯಿಯ ಹತ್ತಿರ ನಗುನಗುತ್ತಾ ಮಾತಾಡಿ ಹೋಗುತ್ತಿದ್ದ. ಏಡಿಮನೆ ಬಿಟ್ಟರೆ ಚಾಸ್ಮಿನಿಗೆ ಉಳಿದದ್ದು ಆ ಬೈಕಿನ ಹಿಂದಿನ ಸೀಟು. ಇದು ಅವಳಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು, ಹೆಂದ್ರೊಗಂತೂ ಚೆನ್ನಾಗಿಯೇ ಗೊತ್ತಿತ್ತು.

ಆಗಲೇ ಒಂದು ಹಡಗಿನ ಮಾಲು ವಾಪಸು ಬಂತು. ಡಬ್ಬಿಯಲ್ಲಿದ್ದ ಚಿಪ್ಪು ಅಲ್ಲಿ ಯಾರದೋ ಗಂಟಲಿಗೆ ಸಿಕ್ಕಿತ್ತಂತೆ. ಹೆಂದ್ರೊ ನಮ್ಮನ್ನೆಲ್ಲ ಅಂಗಳದಲ್ಲಿ ಬಿಸಿಲಿಗೆ ನಿಲ್ಲಿಸಿ ಯಾರದು, ಯಾರದು ಎಂದು ಕೂಗಾಡಿದ. ಆ ಡಬ್ಬಿ ಯಾರ ಕೈಯದೆಂದು ದೇವರಿಗೂ ಹೇಳಲಾಗುತ್ತಿರಲಿಲ್ಲ. ಯಾರೂ ಬಾಯಿ ಬಿಡಲಿಲ್ಲ. ಕೆಲವರಿಗೆ ಬಿಡಲೂ ಆಗುತ್ತಿರಲಿಲ್ಲ, ಕೆನ್ನೆಯಲ್ಲಿ ಚೂರುಗಳಿದ್ದವು.

ಮಾಲು ಕೊಳ್ಳುವ ಕಂಪನಿಯಿಂದ ಒಬ್ಬ ಬಂದ. ಹೆಸರು ಯೋಹಾನ್. ಸುರಬಾಯದವನು. ತೆಳ್ಳಗಿನ ಮನುಷ್ಯ, ಸಣ್ಣ ದನಿ. ಬಂದವನೇ ಬೂಟು ಕಳಚಿ ನಮ್ಮ ಹಾಗೆ ರಬ್ಬರ್ ಚಪ್ಪಲಿ ಹಾಕಿಕೊಂಡು ಮೇಜುಗಳ ನಡುವೆ ಓಡಾಡಿದ. ‘ಯಾರು?’ ಹಲಗೆಯ ಮುಂದೆ ತುಂಬ ಹೊತ್ತು ನಿಂತ. ಆಮೇಲೆ ಅದನ್ನು ತೆಗೆಸಿದ. ಆ ಜಾಗದಲ್ಲಿ ಬಿಳಿ ಬೋರ್ಡು ಹಾಕಿಸಿ, ನೀಲಿ ಪೆನ್ನಿನಿಂದ ‘ಯಾಕೆ?’ ಎಂದು ಬರೆದ.

ಅವನು ಹೇಳಿದ್ದು ಇಷ್ಟು. ತಪ್ಪಾದಾಗ ಆಳನ್ನು ಹುಡುಕಬೇಡಿ, ಕೆಲಸ ನಡೆಯುವ ರೀತಿಯನ್ನು ನೋಡಿ. ಒಳ್ಳೆಯ ಕೈಯೂ ಕೆಟ್ಟ ರೀತಿಯಲ್ಲಿ ತಪ್ಪು ಮಾಡುತ್ತದೆ. ಯಾಕೆ ಎಂದು ಕೇಳಿ. ಸಿಕ್ಕ ಉತ್ತರಕ್ಕೆ ಮತ್ತೆ ಯಾಕೆ ಎಂದು ಕೇಳಿ. ಇನ್ನು ಕೇಳಲು ಏನೂ ಉಳಿಯದ ತನಕ ಬಿಡಬೇಡಿ. ಹೆದರಿದ ಜನ ತಪ್ಪನ್ನು ಬಚ್ಚಿಡುತ್ತಾರೆ, ಬಚ್ಚಿಟ್ಟ ತಪ್ಪು ಡಬ್ಬಿಯಲ್ಲಿ ಸಿಗುತ್ತದೆ.

ಕೊನೆಯ ಮಾತು ಕೇಳಿ ಯಾಯು ರೊಕಾಯಾ ನನ್ನ ಕಾಲು ತುಳಿದಳು. ನನ್ನ ಕೆನ್ನೆಯಲ್ಲಿ ಆಗಲೂ ಒಂದು ಚೂರಿತ್ತು.

ಅವನು ನಮ್ಮೆದುರೇ ಶುರುಮಾಡಿದ. ಡಬ್ಬಿಗೆ ಚಿಪ್ಪು ಯಾಕೆ ಹೋಯಿತು? ಕಾಣಲಿಲ್ಲ, ಅದಕ್ಕೆ. ಯಾಕೆ ಕಾಣಲಿಲ್ಲ? ಮೇಜಿನ ಮೇಲೆ ಬೆಳಕಿಲ್ಲ. ವಾರದೊಳಗೆ ಹೊಸ ದೀಪಗಳು ಬಂದವು. ನಿಜ ಹೇಳಬೇಕೆಂದರೆ ಅವು ಒಳ್ಳೆಯ ದೀಪಗಳು. ಸಂಜೆ ಕಣ್ಣು ಉರಿಯುವುದು ಕಡಿಮೆಯಾಯಿತು. ಆ ವಾರವೆಲ್ಲ ನಾವು ಹಗುರಾಗಿದ್ದೆವು. ಚಾಸ್ಮಿನಿ ಮಗಳಿಗೆ ಶಾಲೆಯ ಚೀಲ ತಂದಳು.

ಯೋಹಾನ್ ಊರಿಗೆ ಹೋದ. ಬೋರ್ಡು ಹೆಂದ್ರೊನ ಕೈಗೆ ಬಂತು.

ದೀಪ ಬಂದರೂ ಚಿಪ್ಪು ಬರುವುದು ನಿಲ್ಲಲಿಲ್ಲ. ಏಡಿ ಹಾಗೆಯೇ ಬರುತ್ತಿತ್ತು, ಅರ್ಧ ಬೆಂದು, ನೀರು ಕುಡಿದು, ಮಾಂಸವನ್ನು ಚಿಪ್ಪಿಗೆ ಕಚ್ಚಿಕೊಂಡು. ಹೆಂದ್ರೊ ಬೋರ್ಡಿನ ಮುಂದೆ ನಿಂತು ತಾನೇ ಕೇಳಿ ತಾನೇ ಉತ್ತರ ಬರೆದ. ಚಿಪ್ಪು ಯಾಕೆ ಚೂರಾಗುತ್ತದೆ? ಕೈಗೆ ಅಭ್ಯಾಸ ಸಾಲದು. ಅದರ ಕೆಳಗೆ ಗೆರೆ ಎಳೆದ. ಗೆರೆಯ ಕೆಳಗೆ ‘ತರಬೇತಿ ಬೇಕಾದವರು’ ಎಂದು ಬರೆದು ಸಣ್ಣ ಕೊಂಡಿಗಳನ್ನು ಅಂಟಿಸಿದ. ಕೊಂಡಿಗಳಿಗೆ ನಮ್ಮ ಬಿಲ್ಲೆಗಳು ನೇತಾಡತೊಡಗಿದವು. ತರಬೇತಿ ಎಂದರೆ ಕೆಲಸ ಮುಗಿದ ಮೇಲೆ ಕೂಲಿಯಿಲ್ಲದೆ ಕೂತು ಬಿಡಿಸುವುದು. ಮೂರು ಸಲ ತರಬೇತಿಗೆ ಕೂತವಳು ‘ಈ ಕೆಲಸಕ್ಕೆ ಒಗ್ಗದವಳು’. ಬೈಗುಳ ನಿಂತಿತ್ತು. ಹೆಂದ್ರೊ ಈಗ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದ. ಹಳೆಯ ಲೆಕ್ಕ ಮಾತ್ರ ಹಾಗೆಯೇ ಇತ್ತು. ಚಾಸ್ಮಿನಿಯ ಎರಡು ಎರಡಾಗಿಯೇ ಉಳಿದಿತ್ತು.

“ಮೊಳೆಗಿಂತ ಕೊಂಡಿ ವಾಸಿ ಬಿಡು,” ಎಂದಳು ಯಾಯು. “ತುಕ್ಕು ಹಿಡಿಯಲ್ಲ.”

ಮಾರನೆಯ ದಿನ ಬೆಳಿಗ್ಗೆ ಕಾಫಿ ಅಂಗಡಿಯ ಬೆಂಚಿನಲ್ಲಿ ತರ್ಮಾದಿ ಕೂತಿದ್ದ. ಬೇಯಿಸುವ ಶೆಡ್ಡಿನಲ್ಲಿ ಒಲೆ ನೋಡಿಕೊಳ್ಳುವವನು ಅವನೇ. ಹುಬ್ಬಿನ ಕೂದಲು ಸುಟ್ಟುಹೋದ, ಮಾತು ಕಡಿಮೆಯ ಮನುಷ್ಯ. ಅವನನ್ನು ಕಂಡ ಕೂಡಲೇ ಯಾಯುವಿಗೆ ರೇಗಿತು.

“ಏನಪ್ಪಾ ತರ್ಮಾದಿ, ಏಡೀನ ಬೇಯಿಸಿ ಕಳಿಸ್ತೀಯೋ, ಸ್ನಾನ ಮಾಡಿಸಿ ಕಳಿಸ್ತೀಯೋ?”

ಸುತ್ತಲಿನವರು ನಕ್ಕರು. ನಾನೂ ಸುಮ್ಮನಿರಲಿಲ್ಲ. ನಿನ್ನ ಸೋಮಾರಿತನಕ್ಕೆ ನಮ್ಮ ಬೆರಳುಗಳು ಹೋಗುತ್ತಿವೆ, ಚಾಸ್ಮಿನಿಯ ಅನ್ನ ಹೋಗುತ್ತದೆ ಎಂದೆ. ತರ್ಮಾದಿ ಕಾಫಿ ಲೋಟವನ್ನು ಕೆಳಗಿಟ್ಟ. ಎದ್ದು ಹೋಗುತ್ತಾನೆ ಅಂದುಕೊಂಡೆವು. ಹೋಗಲಿಲ್ಲ.

“ಸೌದೆ ನನ್ ಕೈಲಿಲ್ಲ ಯಾಯು,” ಎಂದ. “ಅಳಿಯ ಎಣಿಸಿ ಕೊಡ್ತಾನೆ. ನೀರು ಕುದಿ ಬಂತೋ ಇಲ್ವೋ, ಬಂದು ಪಕ್ಕದಲ್ಲೇ ನಿಂತ್ಕೋತಾನೆ, ಇಳ್ಸು ಅಂತಾನೆ. ಪೂರ್ತಿ ಬೆಂದ್ರೆ ನೀರು ಇಳಿದು ತೂಕ ಹೋಗ್ತದಂತೆ. ಒಂದಿನ ನಾನು ಇನ್ನೊಂದ್ ಚೂರು ಬಿಟ್ಟೆ. ಆ ವಾರ ಪೂರ್ತಿ ಮನೇಲ್ ಕೂರ್ಸಿದ್ರು.”

ಏಡಿ ಬೇಯುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಬೇಯಿಸದಿರುವುದರಲ್ಲಿ ಲಾಭವಿದೆ ಎಂದು ಯೋಚಿಸಿರಲಿಲ್ಲ. ನಮ್ಮ ಎದೆಯೊಳಗೂ ಹೆಂದ್ರೊನ ಹಲಗೆಯೇ ಇತ್ತು. ಅದರ ಮೊಳೆಗೆ ನಾವು ತರ್ಮಾದಿಯನ್ನು ನೇತುಹಾಕಲು ಹೊರಟಿದ್ದೆವು.

ಯಾಯು ತನ್ನ ಕರಿದ ತೆಂಪೆಯಲ್ಲಿ ಅರ್ಧ ಮುರಿದು ಅವನ ತಟ್ಟೆಗೆ ಹಾಕಿದಳು. ಅವಳು ತಪ್ಪಾಯಿತು ಎನ್ನುವುದು ಹಾಗೆ.

ಯೋಹಾನ್ ಮತ್ತೆ ಬರುತ್ತಾನೆ ಎಂದು ಸುದ್ದಿಯಾಯಿತು. ಅವನು ಒಪ್ಪಿದರೆ ಕಂಪನಿ ಹಾಜಿಯ ಮಾಲು ತೆಗೆದುಕೊಳ್ಳುತ್ತದೆ, ಇಲ್ಲದಿದ್ದರೆ ಇಲ್ಲ. ಅದರ ಹಿಂದಿನ ದಿನವೇ ಕತ್ತಲಕೋಣೆಯಲ್ಲಿ ಚಾಸ್ಮಿನಿಯ ಟ್ರೇ ಹೊಳೆಯಿತು. ಕೊಂಡಿ ಟಿಣ್ ಎಂದಿತು. ಅವಳು ಚಾಕುವನ್ನು ಒರೆಸಿ ಮೇಜಿನ ಮೇಲಿಟ್ಟಳು. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಕರೆ ಬರಲೆಂದು ಕಾಯುವವರ ಹಾಗೆ.

ಕರೆ ಬಂತು. ಹೆಂದ್ರೊ ಅವಳನ್ನು ಐಸ್ ಕೋಣೆಯ ಪಕ್ಕಕ್ಕೆ ಕರೆದು ಮಾತಾಡಿದ. ವಾಪಸು ಬಂದು ಅವಳು ನನಗೆ ಹೇಳಿದ್ದು ಹೀಗೆ. ನಾಳೆ ಯೋಹಾನ್ ಕೇಳಿದಾಗ, ನನ್ನ ಕೈಯ ಆತುರ, ನನ್ನ ತಪ್ಪು ಎಂದು ಹೇಳಬೇಕು. ಹೇಳಿದರೆ ಹಾಜಿ ದೊಡ್ಡ ಮನಸ್ಸು ಮಾಡಿ ಉಳಿಸಿಕೊಳ್ಳುತ್ತಾರೆ. ಬೇರೆ ಮಾತಾಡಿದರೆ ಬಾಗಿಲು ಗೊತ್ತಲ್ಲ.

“ಏನ್ ಮಾಡ್ತೀಯ?” ಎಂದೆ.

“ಹೇಳ್ತೀನಿ,” ಎಂದಳು. “ಒಂದ್ ಮಾತು ತಾನೆ. ಏನ್ ನನ್ ಬಾಯಿ ಸವೆದುಹೋಗ್ತದಾ.”

ನಾನು ಬೇಡ ಎನ್ನಲಿಲ್ಲ. ನನ್ನ ಮಗು ನನ್ನನ್ನು ಮರೆತಿಲ್ಲ. ಮರೆತ ಮಗುವಿನ ತಾಯಿಗೆ ಬುದ್ಧಿ ಹೇಳುವ ಬಾಯಿ ನನಗಿರಲಿಲ್ಲ.

ಮಾರನೆಯ ದಿನ ನೆಲ ತೊಳೆದಿದ್ದರು. ಹೊಸ ತಲೆವಸ್ತ್ರ ಕೊಟ್ಟಿದ್ದರು. ಏಡಿಯನ್ನು ಮಾತ್ರ ಬೇರೆ ರೀತಿ ಬೇಯಿಸಿರಲಿಲ್ಲ. ಬೆಳಗಿನ ಬುಟ್ಟಿ ಎಂದಿಗಿಂತ ಕೆಟ್ಟದಾಗಿತ್ತು. ಬಂದವನೆದುರು ಟ್ರೇ ಬೇಗ ತುಂಬಬೇಕೆಂದು ಅಳಿಯ ಏಡಿಯನ್ನು ಒಲೆಯಿಂದ ಇನ್ನೂ ಮೊದಲೇ ಇಳಿಸಿದ್ದ. ನಾವು ಕೆರೆದೆವು, ಮೀಟಿದೆವು, ಸಮ ಮಾಡಿದೆವು, ಬಿಲ್ಲೆ ಇಟ್ಟೆವು. ಆಮೇಲೆ ಕಂಡದ್ದನ್ನು ಬಾಯಿಗೆ ಹಾಕಿಕೊಂಡೆವು. ಅಂದು ಮೇಜುಗಳಲ್ಲಿ ಒಂದು ಮಾತಿಲ್ಲ. ಮರ್ಯಾದೆಯ ಮೌನ ಎಂದುಕೊಂಡನೋ ಏನೋ, ಹೆಂದ್ರೊ ನಮ್ಮನ್ನು ನೋಡಿ ತಲೆಯಾಡಿಸಿದ.

ಯೋಹಾನ್ ಬಂದ. ಜೊತೆಗೆ ಬಿಳಿ ಟೋಪಿಯ ಹಾಜಿ ಕುಸ್ನಾದಿ, ಪಕ್ಕದಲ್ಲಿ ಅಳಿಯ. ಯೋಹಾನ್ ಬೋರ್ಡನ್ನು ಓದಿದ. ಕೊಂಡಿಗಳನ್ನು ನೋಡಿ ಅವನ ಮುಖ ಸಣ್ಣದಾಯಿತು. ದೀಪ ಬಂದರೂ ಚಿಪ್ಪು ಯಾಕೆ ಬರುತ್ತಿದೆ ಎಂದು ಕೇಳಿದ. ಹೆಂದ್ರೊ ಚಾಸ್ಮಿನಿಯತ್ತ ಕೈ ತೋರಿಸಿದ.

ಅವಳು ಎದ್ದು ನಿಂತಳು. ದೊಡ್ಡವರನ್ನು ಕರೆಯುವ ಹಾಗೆ ಅವನನ್ನು ಪಾಕ್, ಸ್ವಾಮಿ, ಎಂದಳು.

“ನನ್ ಕೈ ಆತುರ, ಪಾಕ್. ನನ್ ತಪ್ಪು.”

ಯೋಹಾನ್ ‘ಕೈಯ ಆತುರ’ ಎಂದು ಬರೆದ. ಹೆಂದ್ರೊ ಉಸಿರು ಬಿಟ್ಟ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಮನುಷ್ಯನಿಗೆ ಅದು ಅಭ್ಯಾಸವಾಗಿ ಹೋಗಿತ್ತು. ಪೆನ್ನನ್ನು ಬೋರ್ಡಿನಿಂದ ತೆಗೆಯದೆ, ತಿರುಗಿ, ಅಮ್ಮಾ ಎನ್ನುವ ಮರ್ಯಾದೆಯಲ್ಲೇ ಕೇಳಿದ.

“ಕೈಗೆ ಆತುರ ಯಾಕೆ, ಬು?”

ಈ ಪ್ರಶ್ನೆಗೆ ಹೆಂದ್ರೊ ಉತ್ತರ ಕಲಿಸಿರಲಿಲ್ಲ. ಚಾಸ್ಮಿನಿ ನೆಲ ನೋಡಿದಳು. ಹಾಜಿ ತನ್ನ ಕೈಗಡಿಯಾರ ನೋಡಿದ. ಹೆಂದ್ರೊ ಅವಳನ್ನೇ ನೋಡುತ್ತಿದ್ದ. ಅವಳ ಬೆರಳು ಸೊಂಟದ ಬಟ್ಟೆಯನ್ನು ಹಿಂಡುತ್ತಿತ್ತು. ಹೇಳಿದರೆ ಬೈಕಿನ ಹಿಂದಿನ ಸೀಟು. ಹೇಳದಿದ್ದರೆ ನಾಳೆಯೂ ಇದೇ ಏಡಿ, ಇದೇ ಕೊಂಡಿ, ಇನ್ನೊಂದು ದಿನ ಅದೇ ಸೀಟು.

ಆಗ ನನ್ನ ಬಲಗಡೆ ಟಿಣ್ ಎಂದಿತು.

ಯಾಯು ರೊಕಾಯಾ ಬಾಯಿಂದ ಒಂದು ಚೂರನ್ನು ತೆಗೆದು ಖಾಲಿ ಸ್ಟೀಲ್ ತಟ್ಟೆಗೆ ಹಾಕಿದ್ದಳು. ಚೂರಿನ ಅಂಚಿನಲ್ಲಿ ರಕ್ತವಿತ್ತು. ಅವಳು ಯಾರನ್ನೂ ನೋಡಲಿಲ್ಲ. ಕೆನ್ನೆಯ ಇನ್ನೊಂದು ಬದಿಯಿಂದ ಮತ್ತೊಂದನ್ನು ತೆಗೆದು ಹಾಕಿದಳು.

ನನ್ನ ಬಾಯೊಳಗಿನದು ಬಿಸಿಯಾದಂತೆ ಅನ್ನಿಸಿತು. ನಾನೂ ಉಗಿದೆ. ಎದುರಿನ ಸಾಲಿನವಳು ಉಗಿದಳು. ಹಿಂದಿನ ಮೇಜು, ಅದರ ಹಿಂದಿನ ಮೇಜು. ತಗಡಿನ ಮನೆಯ ಮೇಲೆ ಮಳೆ ಶುರುವಾದ ಹಾಗೆ ಸದ್ದು ಮೇಜಿನಿಂದ ಮೇಜಿಗೆ ಹೋಯಿತು. ನಮಗೇ ಗೊತ್ತಿರಲಿಲ್ಲ, ಇಷ್ಟೊಂದು ಬಾಯಿಗಳಲ್ಲಿ ಇಷ್ಟೊಂದು ಇದೆಯೆಂದು. ಪ್ರತಿಯೊಬ್ಬಳೂ ತಾನೊಬ್ಬಳೇ ಹೆಚ್ಚು ಬಚ್ಚಿಡುವವಳೆಂದು ಅಂಜಿಕೊಂಡಿದ್ದಳು.

ಯೋಹಾನ್ ನನ್ನ ತಟ್ಟೆಯಿಂದ ಒಂದು ಚೂರು ಎತ್ತಿಕೊಂಡ. ಅದಕ್ಕೆ ಮಾಂಸದ ಎಳೆ ಅಂಟಿಕೊಂಡೇ ಇತ್ತು. ಉಗುರಿನಿಂದ ಎಳೆದ. ಬರಲಿಲ್ಲ.

ಚಾಸ್ಮಿನಿ ತಲೆ ಎತ್ತಿದಳು.

“ಏಡಿ ಬೇಯಲ್ಲ, ಪಾಕ್,” ಎಂದಳು. “ಬೇಯದ್ದನ್ನ ಕೆರೀಬೇಕು. ಕೆರೆದ್ರೆ ಹೊತ್ತಾಗ್ತದೆ. ಹೊತ್ತಾದ್ರೆ ಟ್ರೇ ತುಂಬಲ್ಲ. ಅದಕ್ಕೆ ಕೈಗೆ ಆತುರ.”

ಅವನು ‘ಏಡಿ ಬೇಯುವುದಿಲ್ಲ’ ಎಂದು ಬರೆದ. ಕೆಳಗೆ ‘ಯಾಕೆ?’ ಎಂದು ಬರೆದು ಹಾಜಿಯ ಕಡೆ ತಿರುಗಿದ. ಅಳಿಯ ಬಾಯಿ ತೆರೆದ. ಹಾಜಿ ಅವನ ತೋಳಿನ ಮೇಲೆ ಕೈಯಿಟ್ಟು ತಡೆದ. ಹಾಜಿ ಕೂಗಾಡುವ ಮನುಷ್ಯನಲ್ಲ.

“ಅದನ್ನ ನಿಮ್ ಆಫೀಸಿನವರನ್ನ ಕೇಳಿ, ಪಾಕ್ ಯೋಹಾನ್,” ಎಂದ. “ಹೋದ ವರ್ಷದಿಂದ ರೇಟು ಇಳಿಸ್ತಾ ಬಂದ್ರಿ. ಮಾಲು ಮಾತ್ರ ಅಷ್ಟೇ ಬೇಕು ಅಂದ್ರಿ. ನಾನು ಎಲ್ಲಿಂದ ತುಂಬ್ಲಿ? ನೀರಿಂದ ತುಂಬ್ತೀನಿ. ಬರ್ಕೊಳ್ಳಿ ಅದನ್ನ.”

ಪೆನ್ನು ಬೋರ್ಡಿನ ಹತ್ತಿರವೇ ನಿಂತಿತು. ಬೋರ್ಡಿನಲ್ಲಿ ಜಾಗವಿತ್ತು. ಯೋಹಾನ್ ಕೆಟ್ಟವನಲ್ಲ. ಅವನ ಕಿವಿ ಕೆಂಪಾದದ್ದನ್ನು ನಾನು ಕಂಡೆ. ಆದರೆ ಆ ಉತ್ತರವನ್ನು ಅವನು ಬರೆಯಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿದ. ಮೇಲಿನವರ ಹತ್ತಿರ ಮಾತಾಡುತ್ತೇನೆ ಎಂದ. ಹೊರಡುವಾಗ ರಬ್ಬರ್ ಚಪ್ಪಲಿ ಕಳಚಿ ಬೂಟು ಹಾಕಿಕೊಳ್ಳಲು ಅವನಿಗೆ ತುಂಬ ಹೊತ್ತು ಹಿಡಿಯಿತು. ನಮ್ಮ ಕಡೆ ತಿರುಗಲಿಲ್ಲ.

ಮರುದಿನ ಬೆಳಿಗ್ಗೆ ನಾವು ಬರುವಷ್ಟರಲ್ಲಿ ಬಿಳಿ ಬೋರ್ಡು ಇರಲಿಲ್ಲ. ಹಳೆಯ ಹಲಗೆ ಬಂದಿತ್ತು. ‘ಯಾರು?’ ಅಕ್ಷರಗಳಿಗೆ ಹೊಸ ಕೆಂಪು ಬಣ್ಣ ಬಳಿದಿದ್ದರು. ಮೊದಲನೆಯ ಮೊಳೆಯಲ್ಲಿ ಚಾಸ್ಮಿನಿಯ ಬಿಲ್ಲೆ ನೇತಾಡುತ್ತಿತ್ತು. ಅವಳನ್ನು ಬಾಗಿಲಲ್ಲೇ ತಡೆದರು. ಗೇಟಿನ ಆಚೆ ಬೈಕ್ ನಿಲ್ಲಿಸಿಕೊಂಡು ಏಜೆಂಟ್ ಹಲ್ಲುಕಡ್ಡಿ ಕಚ್ಚುತ್ತಾ ಕಾಯುತ್ತಿದ್ದ. ಅವನಿಗೆ ಯಾರು ಹೇಳಿ ಕಳಿಸಿದ್ದರೋ.

ಚಾಸ್ಮಿನಿ ಬಾಗಿಲ ಆಚೆ ನಿಂತಿದ್ದಳು. ಅಳುತ್ತಿರಲಿಲ್ಲ. ನಮ್ಮನ್ನು ಒಳಗೆ ಹೋಗಿ ಎಂದು ಕಣ್ಣಿನಲ್ಲೇ ಹೇಳುತ್ತಿದ್ದಳು.

ತರ್ಮಾದಿ ಮೊದಲ ಬುಟ್ಟಿ ಹೊತ್ತು ತಂದ. ಯಾಯು ಅವನನ್ನು ಬಾಗಿಲಲ್ಲೇ ನಿಲ್ಲಿಸಿದಳು. ಒಂದು ಏಡಿ ಎತ್ತಿಕೊಂಡು ಬೆನ್ನಿನ ಚಿಪ್ಪು ಕಿತ್ತಳು. ಮಾಂಸ ಕಚ್ಚಿಕೊಂಡಿತ್ತು. ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು, ಬುಟ್ಟಿಗೇ ವಾಪಸು ಹಾಕಿದಳು. ಇನ್ನೊಂದನ್ನು ಎತ್ತಿದಳು. ಅದೂ ಹಾಗೆಯೇ. ಸುಮ್ಮನೆ ಹೋಗಿ ಚಾಸ್ಮಿನಿಯ ಪಕ್ಕ ನಿಂತಳು.

ನಾನೂ ಹೋದೆ. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಒಳಗೆ ಮೇಜುಗಳು ಮಾತ್ರ ಉಳಿದವು, ಅವುಗಳ ಮೇಲೆ ಒಳ್ಳೆಯ ಹೊಸ ದೀಪಗಳು ಉರಿಯುತ್ತಿದ್ದವು.

ಬೇಯಿಸಿದ ಏಡಿ ಬಿಸಿಲಿನಲ್ಲಿ ಯಾರಿಗಾಗಿಯೂ ಕಾಯುವುದಿಲ್ಲ. ಮಧ್ಯಾಹ್ನದೊಳಗೆ ಹುಳಿ ವಾಸನೆ ಬರುತ್ತದೆ. ಅದು ಹಾಜಿಗೂ ಗೊತ್ತು, ಹೆಂದ್ರೊಗೂ ಗೊತ್ತು. ಹೆಂದ್ರೊ ಓಡಿ ಬಂದ. ಮೊದಲು ಹೆದರಿಸಿದ. ಆಮೇಲೆ ದನಿ ಸಣ್ಣ ಮಾಡಿದ. ಬುಟ್ಟಿಗಳು ಒಂದರ ಮೇಲೊಂದು ಬಂದು ಕೂತವು. ನೊಣಗಳು ಬಂದವು.

“ಇದನ್ನ ಶುರು ಮಾಡಿದ್ದು ಯಾರು?” ಎಂದ. “ಒಂದು ಹೆಸರು ಹೇಳಿ ಸಾಕು. ಉಳಿದವರು ಒಳಗೆ ಹೋಗಿ, ಏನೂ ಆಗಲ್ಲ.”

ಅವನು ನನ್ನ ಮುಖ ನೋಡಿದ. ನನಗೆ ಮನೆಯಲ್ಲಿ ಮಲಗಿದ್ದ ಮಗು ನೆನಪಾಯಿತು. ನಾನು ಸೊಂಟದಿಂದ ನನ್ನ ಬಿಲ್ಲೆ ತೆಗೆದು ಏಡಿಯ ಬುಟ್ಟಿಯ ಮೇಲೆ ಇಟ್ಟೆ. ಯಾಯು ತನ್ನದನ್ನು ಇಟ್ಟಳು. ಸಾಲಿನಲ್ಲಿದ್ದವರೆಲ್ಲ ಮುಂದೆ ಬಂದು ಇಟ್ಟರು. ಕೊನೆಗೆ ಒಬ್ಬಳು ಒಳಗೆ ಹೋಗಿ, ಮೊಳೆಯಿಂದ ಚಾಸ್ಮಿನಿಯ ಬಿಲ್ಲೆಯನ್ನು ಕಿತ್ತು ತಂದು, ಅದೇ ರಾಶಿಗೆ ಹಾಕಿ ಕೈಯಾಡಿಸಿ ಕಲಸಿಬಿಟ್ಟಳು. ಹೆಂದ್ರೊ ಆ ರಾಶಿಯನ್ನು ನೋಡಿದ. ಬಿಸಿಲಿಗೆ ಅದು ಕಣ್ಣು ಕುಕ್ಕುತ್ತಿತ್ತು.

“ಹೆಸರು ಕೇಳಿದ್ರಲ್ಲ,” ಎಂದಳು ಯಾಯು. “ಆರಿಸ್ಕೊಳ್ಳಿ.”

ಚಾಸ್ಮಿನಿ ಮುಂದೆ ಬಂದಳು. ಗೇಟಿನ ಕಡೆ ಬೆನ್ನು ಹಾಕಿ ನಿಂತಳು.

“ಯಾರು ಅಂತ ಎಷ್ಟು ವರ್ಷ ಕೇಳಿದ್ರಿ, ಪಾಕ್,” ಎಂದಳು. “ಇವತ್ತು ಯಾಕೆ ಅಂತ ಕೇಳಿ. ಕೇಳಿ, ನಿಲ್ಲಿಸ್ಬೇಡಿ.”

ಹೆಂದ್ರೊ ಕೇಳಲಿಲ್ಲ.

ತರ್ಮಾದಿ ಬಗ್ಗಿದ. ಬಿಲ್ಲೆಗಳನ್ನು ಎರಡೂ ಕೈಯಲ್ಲಿ ಬಾಚಿ ಚಾಸ್ಮಿನಿ ಒಡ್ಡಿದ ಮಡಿಲಿಗೆ ಸುರಿದ. ಬುಟ್ಟಿಯನ್ನು ತಲೆಗೇರಿಸಿಕೊಂಡು, ಬಂದ ದಾರಿಯಲ್ಲೇ ಶೆಡ್ಡಿಗೆ ನಡೆದ. ಶೆಡ್ಡಿನ ಬಾಗಿಲಲ್ಲಿ ಅಳಿಯ ಅಡ್ಡ ನಿಂತು ಕೂಗುವುದು ಕೇಳಿಸಿತು. ತರ್ಮಾದಿಯ ದನಿ ಕೇಳಲಿಲ್ಲ. ಬುಟ್ಟಿ ನೆಲಕ್ಕಿಟ್ಟ ಸದ್ದು ಕೇಳಿಸಿತು, ಆಮೇಲೆ ಸೌದೆ ಎಳೆಯುವ ಸದ್ದು. ಕೂಗಾಟ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ತೆಂಗಿನ ಗರಿಗಳ ಮೇಲೆ ಹೊಗೆ ಎದ್ದಿತು.

ರಸ್ತೆಯಲ್ಲಿ ಹಾಜಿಯ ಕಾರು ಬರುತ್ತಿತ್ತು. ಗೇಟಿನ ಹತ್ತಿರ ಏಜೆಂಟ್ ಬೈಕಿನಿಂದ ಇಳಿದು ಕಾರಿಗೆ ದಾರಿ ಬಿಟ್ಟ. ನಾವು ಬಿಡಲಿಲ್ಲ. ಉಳಿದ ಬುಟ್ಟಿಗಳಿಂದ ನೀರು ತೊಟ್ಟಿಕ್ಕಿ ನಮ್ಮ ಕಾಲಡಿಗೆ ಹರಿಯುತ್ತಿತ್ತು. ಹಾಜಿ ತುಂಬಿಸಿದ ನೀರು. ಏಡಿ ಕಾಯುವುದಿಲ್ಲ. ಅಂದು ನಾವು ಕಾದೆವು.